ಕೋಟೆಯ ಊಟ, ಊರಿನ ಲೆಕ್ಕ

‘ಏಜ್ ಆಫ್ ಎಂಪೈರ್ಸ್’ ಎರಡನೇ ಭಾಗ ಆಡಿದವರಿಗೆ ರೇಟು ಬಾಯಿಪಾಠ ಇರುತ್ತೆ. ಒಬ್ಬ ಹಳ್ಳಿಗನಿಗೆ 50 ಆಹಾರ, ಒಂದು ಕೋಟೆಗೆ 650 ಕಲ್ಲು. ಒಂದು ಕ್ಲಿಕ್ಕಿಗೆ ಹಳ್ಳಿಗ ಹುಟ್ಟುತ್ತಾನೆ. ಇನ್ನೊಂದು ಕ್ಲಿಕ್ಕಿಗೆ ಮರ ಕಡಿಯೋಕೆ ಹೋಗುತ್ತಾನೆ, ಹೊಲ ಮಾಡುತ್ತಾನೆ, ಕೊನೆಗೆ ಕೋಟೆಯನ್ನೂ ಅವನೇ ಕಟ್ಟುತ್ತಾನೆ. ಕೂಲಿ ಕೇಳಲ್ಲ, ಮದುವೆ ಆಗಲ್ಲ, ಪಕ್ಕದ ಮನೆಯವನ ಮೇಲೆ ದೂರು ಕೊಡಲ್ಲ. 1999ರಲ್ಲಿ ಬಂದ ಈ ಆಟ, ಆಮೇಲೆ 2011ರಿಂದ 2019ರವರೆಗೆ ನಡೆದ ‘ಗೇಮ್ ಆಫ್ ಥ್ರೋನ್ಸ್’ ಸೀರೀಸ್, ಇವೆರಡೂ ಸೇರಿ ನಮ್ಮಲ್ಲಿ ಬಹಳ ಜನರ ತಲೆಯಲ್ಲಿ ಮಧ್ಯಯುಗದ ಯುರೋಪ್ ಹೇಗಿತ್ತು ಅನ್ನೋದನ್ನ ಹೆಚ್ಚುಕಡಿಮೆ ನಿರ್ಧರಿಸಿಬಿಟ್ಟಿವೆ. ಎತ್ತರದ ಗೋಡೆ, ಉದ್ದದ ಮೇಜು, ಪಂಜಿನ ಬೆಳಕು, ಕತ್ತಿ. ಕ್ಯಾಮೆರಾ ಗೋಡೆಯಿಂದ ಹೊರಗೆ ಬಂದರೆ ಅದು ಯುದ್ಧಕ್ಕೆ ಮಾತ್ರ.

ಇದರಲ್ಲಿ ತಪ್ಪೇನು ಅಂತ ಕೇಳಬಹುದು. ಆಟ ಆಟ, ಕಥೆ ಕಥೆ. ಸರಿ. ಆದರೆ ‘ದಿನನಿತ್ಯದ ಬದುಕು’ ತೋರಿಸ್ತೀವಿ ಅಂತ ಹೇಳಿಕೊಂಡು ಬರುವ ಇತಿಹಾಸದ ಪುಸ್ತಕಗಳೂ ಇದೇ ಜಾಗದಲ್ಲಿ ಕ್ಯಾಮೆರಾ ಇಟ್ಟರೆ? ಆಗ ಪ್ರಶ್ನೆ ಕೇಳಲೇಬೇಕಾಗುತ್ತೆ. ಅಂಥ ಎರಡು ಪುಸ್ತಕಗಳನ್ನ, ಅವುಗಳ ಪಕ್ಕದಲ್ಲಿ ಇಟ್ಟು ಓದಬೇಕಾದ ಮೂರನೆಯದೊಂದನ್ನ ಇಲ್ಲಿ ನೋಡೋಣ.

ಮೊದಲನೆಯದು ಜೋಸೆಫ್ ಮತ್ತು ಫ್ರಾನ್ಸೆಸ್ ಗೀಸ್ ಎಂಬ ಅಮೆರಿಕನ್ ದಂಪತಿ ಬರೆದ ‘ಲೈಫ್ ಇನ್ ಎ ಮಿಡೀವಲ್ ಕ್ಯಾಸಲ್’, 1974ರ ಪುಸ್ತಕ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿಗಳ ಮೇಲೆ ಪ್ರಭಾವ ಬೀರಿದ ಪುಸ್ತಕ ಅಂತಲೇ ಪ್ರಕಾಶಕರು ಇವತ್ತು ಇದನ್ನ ಮಾರುತ್ತಾರೆ. ಅರ್ಧ ಶತಮಾನದಿಂದ ಓದಿಸಿಕೊಳ್ಳುತ್ತಿದೆ ಅಂದರೆ ಅದಕ್ಕೆ ಕಾರಣ ಇದೆ. ಗೀಸ್ ದಂಪತಿ ಗಾಳಿಯಲ್ಲಿ ಕೋಟೆ ಕಟ್ಟಲ್ಲ. ಚೆಪ್‌ಸ್ಟೋ ಅನ್ನುವ ಒಂದೇ ಒಂದು ನಿಜವಾದ ಕೋಟೆಯನ್ನ ಹಿಡಿದುಕೊಂಡು, ಅದರ ಕೋಣೆ ಕೋಣೆಗೂ ನಮ್ಮನ್ನ ಕರಕೊಂಡು ಹೋಗುತ್ತಾರೆ.

ಚೆಪ್‌ಸ್ಟೋ ಇರುವುದು ವೇಲ್ಸ್‌ನ ಗಡಿಯಲ್ಲಿ, ವೈ ನದಿಯ ಮೇಲಿನ ಸುಣ್ಣಕಲ್ಲಿನ ಕಡಿದಾದ ಬಂಡೆಯ ನೆತ್ತಿಯಲ್ಲಿ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮರುವರ್ಷವೇ ವಿಲಿಯಂ ಫಿಟ್ಸ್ ಆಸ್ಬರ್ನ್ ಎಂಬ ನಾರ್ಮನ್ ಸರದಾರ ಇಲ್ಲಿ ಕೆಲಸ ಶುರುಮಾಡಿಸಿದ. 1189ರಲ್ಲಿ ಇದು ವಿಲಿಯಂ ಮಾರ್ಷಲ್ ಕೈಗೆ ಬಂತು. ಅವನ ಕಥೆಯೇ ಒಂದು ಸಿನಿಮಾ. ಆಸ್ತಿ ಇಲ್ಲದ ಕಿರಿಮಗ, ಟೂರ್ನಮೆಂಟುಗಳಲ್ಲಿ ಬೇರೆ ನೈಟ್‌ಗಳನ್ನ ಸೋಲಿಸಿ ಹಣ ಮಾಡಿಕೊಂಡ, ಇಸಬೆಲ್ ಡಿ ಕ್ಲೇರ್ ಎಂಬ ವಾರಸುದಾರಳನ್ನ ಮದುವೆಯಾಗಿ ಕೋಟೆಯ ಒಡೆಯನಾದ, ಕೊನೆಗೆ ಬಾಲಕ ರಾಜ ಮೂರನೇ ಹೆನ್ರಿಯ ಪರವಾಗಿ ಇಡೀ ಇಂಗ್ಲೆಂಡನ್ನೇ ಆಳಿದ. ಚೆಪ್‌ಸ್ಟೋದ ಹಳೆಯ ಮರದ ಬಾಗಿಲುಗಳು ಇವತ್ತಿಗೂ ಉಳಿದಿವೆ. 1190ಕ್ಕೂ ಹಿಂದಿನ ಬಾಗಿಲುಗಳು ಅವು, ಯುರೋಪಿನ ಕೋಟೆಗಳಲ್ಲೇ ಅತಿ ಹಳೆಯವು.

ಈ ಪುಸ್ತಕದ ಶಕ್ತಿ ಇರುವುದು ಕತ್ತಿ ಕಾಳಗದಲ್ಲಿ ಅಲ್ಲ, ಮನೆವಾರ್ತೆಯಲ್ಲಿ. ಕೋಟೆಯ ಕೇಂದ್ರ ಅಂದರೆ ದೊಡ್ಡ ಹಾಲ್. ಅಲ್ಲೇ ಊಟ, ಅಲ್ಲೇ ವ್ಯವಹಾರ, ಅಲ್ಲೇ ನ್ಯಾಯ, ರಾತ್ರಿ ಬಹಳಷ್ಟು ಆಳುಗಳಿಗೆ ಅಲ್ಲೇ ನಿದ್ದೆ. ನೆಲಕ್ಕೆ ಜೊಂಡುಹುಲ್ಲು ಹರಡಿರುತ್ತಿತ್ತು. ಒಡೆಯನ ಮೇಜು ಒಂದು ತುದಿಯಲ್ಲಿ ಸ್ವಲ್ಪ ಎತ್ತರದಲ್ಲಿ. ಉಳಿದವರ ಮೇಜು ಅಂದರೆ ಕಾಲುಗಳ ಮೇಲೆ ಇಟ್ಟ ಬರೀ ಹಲಗೆ. ಊಟ ಮುಗಿದ ಮೇಲೆ ಬಿಚ್ಚಿ ಗೋಡೆಗೆ ಒರಗಿಸಿಡುತ್ತಿದ್ದರು. ನಾವು ಸೋಮವಾರ ಬೆಳಗ್ಗೆ ಹೆದರಿಕೊಂಡು ಹೋಗುವ ‘ಬೋರ್ಡ್ ಮೀಟಿಂಗ್’ ಇದೆಯಲ್ಲ, ಆ ಬೋರ್ಡ್ ಕೂಡ ಮೂಲದಲ್ಲಿ ಇಂಥದೇ ಮೇಜಿನ ಹಲಗೆ.

ತಟ್ಟೆಯ ಬದಲು ಹಳೆಯದಾಗಿ ಗಟ್ಟಿಯಾದ ಬ್ರೆಡ್ಡಿನ ದಪ್ಪ ಹೋಳು ಇಡುತ್ತಿದ್ದರು. ಮಾಂಸದ ರಸ ಹೀರಿಕೊಂಡ ಆ ಹೋಳನ್ನ ಊಟವಾದ ಮೇಲೆ ಬಾಗಿಲಲ್ಲಿ ಕಾಯುತ್ತಿದ್ದ ಬಡವರಿಗೆ ಕೊಡುವ ಪದ್ಧತಿ ಇತ್ತು. ಬ್ರೆಡ್ ನೋಡಿಕೊಳ್ಳೋಕೆ ಒಬ್ಬ, ಪಾನೀಯ ನೋಡಿಕೊಳ್ಳೋಕೆ ಇನ್ನೊಬ್ಬ, ಕುದುರೆಗೆ ಮತ್ತೊಬ್ಬ, ಇವರೆಲ್ಲರ ಮೇಲೆ ಲೆಕ್ಕ ಕೇಳುವ ಸ್ಟೂವರ್ಡ್. ಏಕಾಂತ ಅನ್ನೋದು ಒಡೆಯನಿಗೂ ಕಷ್ಟ. 13ನೇ ಶತಮಾನದ ಕೊನೆಯಲ್ಲಿ ಚೆಪ್‌ಸ್ಟೋದಲ್ಲಿ ಹೊಸ ಹಾಲ್ ಕಟ್ಟಿಸಿದ ರೋಜರ್ ಬೈಗಡ್, ಬಂಡೆಯ ಅಂಚಿನಿಂದ ನೇರ ನದಿಯ ಕಡೆಗೆ ಚಾಚಿದ ಜೋಡಿ ಶೌಚಾಲಯವನ್ನೂ ಮಾಡಿಸಿದ. ಅಂದರೆ ಅಲ್ಲೂ ಪಕ್ಕದಲ್ಲಿ ಜೊತೆಗಾರ!

ಇಂಥ ವಿವರಗಳು ಎಲ್ಲಿಂದ ಬರುತ್ತವೆ? ಒಂದು ಒಳ್ಳೆಯ ಮೂಲ ಅಂದರೆ ಮನೆಯ ಖರ್ಚಿನ ಲೆಕ್ಕ. ರಾಜ ಮೂರನೇ ಹೆನ್ರಿಯ ತಂಗಿ, ಲೆಸ್ಟರ್‌ನ ಕೌಂಟೆಸ್ ಎಲಿನೋರ್ ಡಿ ಮಾಂಟ್‌ಫರ್ಟ್ 1265ರಲ್ಲಿ ಇಟ್ಟ ಲೆಕ್ಕದ ಸುರುಳಿ ಇವತ್ತೂ ಇದೆ. ಅಡುಗೆಮನೆ, ಬ್ರೆಡ್ ಉಗ್ರಾಣ, ಪಾನೀಯದ ಕೋಣೆ, ಕುದುರೆಲಾಯ ಅಂತ ವಿಭಾಗ ಮಾಡಿ, ಪ್ರತಿದಿನ ಏನೇನು ಖರ್ಚಾಯಿತು ಅಂತ ಬರೆದಿದ್ದಾರೆ. ಈಸ್ಟರ್‌ಗೆ ಮೊದಲಿನ ಉಪವಾಸದ ವಾರಗಳಲ್ಲಿ ಮಾಂಸ ನಿಷಿದ್ಧ, ಹಾಗಾಗಿ ದಿನಕ್ಕೆ ನೂರುಗಟ್ಟಲೆ ಹೆರಿಂಗ್ ಮೀನು. ಆ ವರ್ಷದ ಆಗಸ್ಟ್ 4ರಂದು ಎಲಿನೋರ್‌ಳ ಗಂಡ ಸೈಮನ್ ಡಿ ಮಾಂಟ್‌ಫರ್ಟ್, ರಾಜನ ವಿರುದ್ಧ ನಿಂತು ಈವ್‌ಶಮ್ ಯುದ್ಧದಲ್ಲಿ ಸತ್ತ. ಆಕೆ ದೇಶ ಬಿಟ್ಟು ಹೋಗಬೇಕಾಯಿತು. ಇಡೀ ರಾಜ್ಯ ತಲೆಕೆಳಗಾಗುತ್ತಿರುವಾಗಲೂ ಯಾರೋ ಒಬ್ಬ ಗುಮಾಸ್ತ ಕೂತು ಮೀನು, ಬಿಯರು, ಓಟ್ಸ್ ಲೆಕ್ಕ ಬರೆಯುತ್ತಿದ್ದ. ಯಾವ ಸೀರೀಸ್‌ನ ರೈಟರ್‌ಗೂ ಇಂಥದ್ದು ಹೊಳೆಯಲ್ಲ.

ಹಾಗಾದರೆ ತಕರಾರು ಏನು? ತಕರಾರು ಬ್ರೆಡ್ಡಿನದು.

ಇಂಗ್ಲಿಷಿನ ‘ಲಾರ್ಡ್’ ಅನ್ನೋ ಪದದ ಹಳೆಯ ರೂಪಕ್ಕೆ ‘ಬ್ರೆಡ್ ಕಾಯುವವನು’ ಅಂತ ಅರ್ಥ. ‘ಲೇಡಿ’ ಅಂದರೆ ‘ಬ್ರೆಡ್ ನಾದುವವಳು’. ಭಾಷೆಯ ಒಳಗೇ ಒಂದು ವಾದ ಅಡಗಿದೆ: ಊಟ ಬರುವುದು ಒಡೆಯನಿಂದ. ನಮ್ಮಲ್ಲೂ ಇದೆ. ಕೆಲಸ ಕೊಟ್ಟ ಧಣಿಯನ್ನ ‘ಅನ್ನದಾತ’ ಅಂತೀವಿ. ಆದರೆ ಹೊಲದಲ್ಲಿ ಬೆಳೆಯುವ ರೈತನನ್ನೂ ನಾವು ‘ಅನ್ನದಾತ’ ಅಂತಲೇ ಕರೆಯೋದು. ಒಂದೇ ಪದಕ್ಕೆ ಎದುರುಬದುರು ನಿಂತ ಇಬ್ಬರು ಹಕ್ಕುದಾರರು. ಕೋಟೆಯ ಬಗ್ಗೆ ಬರೆಯುವವರು ಇವರಲ್ಲಿ ಯಾರನ್ನ ಅನ್ನದಾತ ಅಂತ ತಿಳಿದಿದ್ದಾರೆ ಅನ್ನೋದೇ ನನಗೆ ಮುಖ್ಯವಾದ ಪರೀಕ್ಷೆ.

ಈ ಪರೀಕ್ಷೆಯಲ್ಲಿ ಗೀಸ್ ದಂಪತಿಯ ಕೋಟೆ ಪುಸ್ತಕ ಅರ್ಧ ಪಾಸು. ಹಳ್ಳಿಯವರ ಬಗ್ಗೆ ಅವರು ಒಂದು ಅಧ್ಯಾಯ ಬರೆದಿದ್ದಾರೆ. ಬೇಟೆಯ ಬಗ್ಗೆಯೂ ಒಂದು ಅಧ್ಯಾಯ ಇದೆ. ಈ ಸಮಾನತೆಯೇ ತೊಂದರೆ. ಬೇಟೆ ಕೋಟೆಯವರ ಹವ್ಯಾಸ, ಹಳ್ಳಿ ಕೋಟೆಯ ಹೊಟ್ಟೆ. ಎರಡನ್ನೂ ಒಂದೊಂದು ‘ಟಾಪಿಕ್’ ಮಾಡಿ ಪಕ್ಕಪಕ್ಕ ಇಟ್ಟಾಗ, ಹಾಲ್‌ನ ಮೇಜಿನ ಮೇಲಿರುವ ಪ್ರತಿ ಹೋಳು ಬ್ರೆಡ್ಡಿನ ಹಿಂದೆ ಯಾರ ಎಷ್ಟು ದಿನದ ದುಡಿಮೆ ಇದೆ ಅನ್ನೋ ಸಂಬಂಧ ಕಡಿದುಹೋಗುತ್ತೆ. ಊಟದ ವರ್ಣನೆ ರುಚಿಯಾಗಿದೆ, ಬಿಲ್ ಮಾತ್ರ ಬೇರೆ ಅಧ್ಯಾಯದಲ್ಲಿದೆ.

ಹದಿನಾರು ವರ್ಷ ಆದ ಮೇಲೆ, 1990ರಲ್ಲಿ, ಅದೇ ದಂಪತಿ ‘ಲೈಫ್ ಇನ್ ಎ ಮಿಡೀವಲ್ ವಿಲೇಜ್’ ಬರೆದರು. ಇದು ಕಡಿಮೆ ಥಳುಕಿನ, ಹೆಚ್ಚು ಒಳ್ಳೆಯ ಪುಸ್ತಕ. ಈ ಸಲ ಹಿಡಿದುಕೊಂಡದ್ದು ಎಲ್ಟನ್ ಎಂಬ ಒಂದು ಹಳ್ಳಿಯನ್ನ. ಇಂಗ್ಲೆಂಡಿನ ಹಂಟಿಂಗ್‌ಡನ್‌ಶೈರಿನಲ್ಲಿದ್ದ ಊರು. ಮಜಾ ಏನಂದ್ರೆ ಇಲ್ಲಿ ಒಡೆಯ ಅಂದರೆ ಕುದುರೆ ಏರಿದ ನೈಟ್ ಅಲ್ಲ, ರ‍್ಯಾಮ್ಸಿ ಎಂಬ ಕ್ರೈಸ್ತ ಮಠ. ಮಠಾಧಿಪತಿ ಸಾಯುತ್ತಾನೆ, ಇನ್ನೊಬ್ಬ ಬರುತ್ತಾನೆ, ಒಡೆತನ ಸಾಯಲ್ಲ. ಕಂಪನಿಯ ಹಾಗೆ. ಈ ಮಠದವರು ಅಚ್ಚುಕಟ್ಟಾಗಿ ಲೆಕ್ಕ ಇಟ್ಟಿದ್ದರಿಂದಲೇ ಎಲ್ಟನ್ ನಮಗೆ ಕಾಣುತ್ತಿದೆ.

ಮ್ಯಾನರ್ ಅಂದರೆ ಏನು ಅಂತ ಇಲ್ಲಿ ಹೇಳಿಬಿಡಬೇಕು. ಅದು ಬರೀ ದೊಡ್ಡ ಮನೆ ಅಲ್ಲ. ಒಡೆಯನ ಸ್ವಂತ ಸಾಗುವಳಿಯ ಜಮೀನು, ರೈತರ ಜಮೀನು, ಕಾಡು, ಹುಲ್ಲುಗಾವಲು, ಗಿರಣಿ, ಕೋರ್ಟು, ಎಲ್ಲ ಸೇರಿದ ಒಂದು ಆಡಳಿತದ ಘಟಕ. ಎಲ್ಟನ್ ಕಡೆಯ ಹೊಲಗಳಿಗೆ ಬೇಲಿ ಇರಲಿಲ್ಲ. ಊರಿನ ಸುತ್ತ ವಿಶಾಲವಾದ ಬಯಲುಗಳು, ಅದರಲ್ಲಿ ಉದ್ದುದ್ದ ಪಟ್ಟಿಗಳು. ಒಬ್ಬ ರೈತನ ಪಟ್ಟಿಗಳು ಒಂದೇ ಕಡೆ ಇರದೆ ಅಲ್ಲೊಂದು ಇಲ್ಲೊಂದು ಹಂಚಿಹೋಗಿರುತ್ತಿದ್ದವು. ಹಾಗಾಗಿ ಯಾವಾಗ ಉಳಬೇಕು, ಯಾವಾಗ ಕುಯ್ಯಬೇಕು, ದನ ಯಾವಾಗ ಬಿಡಬೇಕು, ಎಲ್ಲವೂ ಊರೊಟ್ಟಿನ ತೀರ್ಮಾನ.

ರೈತರಲ್ಲಿ ಎರಡು ಬಗೆ: ಸ್ವತಂತ್ರರು, ಇನ್ನೊಂದು ‘ವಿಲೀನ್’ಗಳು. ಈ ಎರಡನೆಯವರು ಗುಲಾಮರಲ್ಲ, ಆದರೆ ಒಡೆಯನ ಅಪ್ಪಣೆ ಇಲ್ಲದೆ ಊರು ಬಿಡುವ ಹಾಗಿಲ್ಲ. ನಮ್ಮ ಸಿನಿಮಾದ ‘ವಿಲನ್’ ಇದೇ ಪದದ ಮೊಮ್ಮಗ. ಹಳ್ಳಿಯ ರೈತ ಅನ್ನೋ ಪದ ಒರಟ, ಆಮೇಲೆ ದುಷ್ಟ ಅಂತ ಅರ್ಥ ಬದಲಾಯಿಸಿಕೊಂಡಿತು. ಪದಕ್ಕೆ ಅರ್ಥ ಕೊಡುವ ಅಧಿಕಾರ ಯಾರ ಕೈಲಿತ್ತು ಅಂತ ಇದರಿಂದಲೇ ತಿಳಿಯುತ್ತೆ.

ವಿಲೀನ್ ಏನೇನು ಕೊಡಬೇಕಿತ್ತು? ಹಲವು ಮ್ಯಾನರುಗಳಲ್ಲಿ ವಾರಕ್ಕೆ ಎರಡು ಮೂರು ದಿನ ಒಡೆಯನ ಜಮೀನಿನಲ್ಲಿ ಬಿಟ್ಟಿ ದುಡಿಮೆ. ನಾವೀಗ ‘ಬಿಟ್ಟಿ’ ಅಂದರೆ ಫ್ರೀಯಾಗಿ ಸಿಕ್ಕಿದ್ದು ಅಂದುಕೊಳ್ತೀವಿ. ಆ ಪದದ ಹಳೆಯ ಅರ್ಥ ಕೂಲಿಯಿಲ್ಲದ ಕಡ್ಡಾಯದ ಚಾಕರಿ. ಇಲ್ಲಿ ಅದೇ ಅರ್ಥ. ಸುಗ್ಗಿಯಲ್ಲಿ ಇದರ ಮೇಲೆ ಹೆಚ್ಚುವರಿ ದಿನಗಳು, ಅದೂ ತನ್ನ ಹೊಲದ ಪೈರು ಕಾಯುತ್ತಿರುವಾಗ. ಕಾಳು ಬೀಸಿಸಬೇಕಾದ್ದು ಒಡೆಯನ ಗಿರಣಿಯಲ್ಲೇ, ಹಿಟ್ಟಿನಲ್ಲಿ ಒಂದು ಪಾಲು ಅಲ್ಲೇ ಕಡಿತ. ಮಗಳ ಮದುವೆಗೆ ಒಡೆಯನಿಗೆ ಶುಲ್ಕ. ಊರು ಬಿಟ್ಟು ಬೇರೆ ಕಡೆ ಇರೋಕೆ ವರ್ಷವರ್ಷ ಶುಲ್ಕ. ಅಪ್ಪ ಸತ್ತರೆ ಮನೆಯ ಅತಿ ಒಳ್ಳೆಯ ಪಶು ಒಡೆಯನ ಕೊಟ್ಟಿಗೆಗೆ. ಮಗ ಆ ಜಮೀನಿಗೆ ಬರೋಕೆ ಮತ್ತೆ ಶುಲ್ಕ. ಇದನ್ನೆಲ್ಲ ಒಂದು ಪೇ ಸ್ಲಿಪ್ಪಿನ ಕಡಿತದ ಕಾಲಂನಲ್ಲಿ ಬರೆದರೆ ಕಾಗದ ಸಾಲದು.

ಗಮನಿಸಿ, ಇದರಲ್ಲಿ ಎಲ್ಲೂ ಕತ್ತಿ ಇಲ್ಲ. ಸಿನಿಮಾದವರಿಗೆ ಇದು ಸಾಕಾಗಲ್ಲ. 1995ರ ‘ಬ್ರೇವ್‌ಹಾರ್ಟ್’ನಲ್ಲಿ ಇಂಗ್ಲೆಂಡಿನ ರಾಜ ತನ್ನ ಸರದಾರರಿಗೆ ‘ಮೊದಲ ರಾತ್ರಿಯ ಹಕ್ಕು’ ಕೊಡುತ್ತಾನೆ: ಊರಿನ ಯಾವ ಹೆಣ್ಣಿಗೆ ಮದುವೆಯಾದರೂ ಮೊದಲ ರಾತ್ರಿ ಒಡೆಯನ ಜೊತೆ. ಇತಿಹಾಸಕಾರರು ಇದನ್ನ ಹುಡುಕಿದ್ದಾರೆ, ಫ್ರಾನ್ಸಿನ ಅಲಾಂ ಬೂರೋ ಇದರ ಮೇಲೆ ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾರೆ. ಮಧ್ಯಯುಗದಲ್ಲಿ ಅಂಥ ಕಾನೂನು ಇದ್ದದ್ದಕ್ಕೆ ಪುರಾವೆ ಇಲ್ಲ, ಅದು ಬಹುತೇಕ ನಂತರದವರು ಬೆಳೆಸಿದ ಕಥೆ. ಇದರರ್ಥ ಒಡೆಯರು ಸಭ್ಯರಾಗಿದ್ದರು ಅಂತಲ್ಲ. ಅಧಿಕಾರ ಇದ್ದ ಕಡೆ ಅತ್ಯಾಚಾರ ನಡೆಯೋಕೆ ಕಾನೂನು ಬೇಕಾಗಿಲ್ಲ. ಆದರೆ ಕಾನೂನಾಗಿ, ನಿಯಮವಾಗಿ, ನಿಜಕ್ಕೂ ಇದ್ದದ್ದು ಮದುವೆಯ ಶುಲ್ಕ. ಕೆಲವು ಪೆನ್ನಿಯೋ, ಶಿಲ್ಲಿಂಗೋ. ಸಿನಿಮಾ ಇದನ್ನ ತೋರಿಸಲ್ಲ, ಯಾಕಂದ್ರೆ ರಸೀದಿ ನೋಡಿ ಯಾರ ರಕ್ತವೂ ಕುದಿಯಲ್ಲ. ಆದರೆ ಶತಮಾನಗಟ್ಟಲೆ ಬಾಳಿದ್ದು ಈ ರಸೀದಿಯೇ. ಗೀಸ್ ದಂಪತಿಯ ಹಳ್ಳಿ ಪುಸ್ತಕದ ದೊಡ್ಡ ಗುಣ ಅಂದರೆ ಈ ಬೇಸರದ ಅಧಿಕಾರವನ್ನ ಬೇಸರವಾಗದ ಹಾಗೆ ತೋರಿಸಿದ್ದು.

ಅದರಲ್ಲಿ ಬರುವ ಒಂದು ಪ್ರಸಂಗ ಆಫೀಸಿನಲ್ಲಿ ಕೆಲಸ ಮಾಡುವ ಯಾರಿಗಾದರೂ ಪರಿಚಿತ ಅನ್ನಿಸುತ್ತೆ. ಮ್ಯಾನರಿನ ದಿನದಿನದ ಕೆಲಸ ನೋಡಿಕೊಳ್ಳೋಕೆ ವಿಲೀನ್‌ಗಳ ಪೈಕಿಯೇ ಒಬ್ಬನನ್ನ ಆರಿಸುತ್ತಿದ್ದರು. ಅವನಿಗೆ ‘ರೀವ್’ ಅಂತ ಹೆಸರು. ಯಾರು ದುಡಿಯೋಕೆ ಬಂದರು, ಯಾರು ಬರಲಿಲ್ಲ, ಎಷ್ಟು ಕಾಳು ಬಂತು, ಎಲ್ಲ ಅವನ ತಲೆ ಮೇಲೆ. ಮೇಲಿನವರಿಗೆ ಲೆಕ್ಕ ಒಪ್ಪಿಸಬೇಕು, ಸಂಜೆ ಅದೇ ಊರಿನ ಅದೇ ಬೀದಿಯಲ್ಲಿ ಇರಬೇಕು. 1270ರ ದಶಕದ ಕೊನೆಯಲ್ಲಿ ಎಲ್ಟನ್‌ನ ಮೈಕಲ್ ಎಂಬ ರೀವ್ ಕೋರ್ಟಿಗೆ ದೂರು ತಂದ. ಚರ್ಚಿನ ಅಂಗಳದಲ್ಲಿ, ಊರವರೆಲ್ಲರ ಎದುರು, ಕೆಲವರು ತನ್ನನ್ನ ಬೈದು ಮಾನ ಕಳೆದರು ಅಂತ. ಏನಂತ ಬೈದರು? ಮಠಕ್ಕೆ ಸಲ್ಲಬೇಕಾದ ಬಿಟ್ಟಿ ದುಡಿಮೆಯನ್ನ ನೀನು ನಿನ್ನ ಹುಲ್ಲು ಒಟ್ಟೋಕೆ, ನಿನ್ನ ಹೊಲ ಕುಯ್ಯೋಕೆ ಬಳಸಿಕೊಂಡೆ, ಉಳ್ಳವರ ಹತ್ತಿರ ಕಾಣಿಕೆ ತಗೊಂಡು ಅವರಿಗೆ ಅನುಕೂಲ ಮಾಡಿದೆ, ಬಡವರ ಮೇಲೆ ಭಾರ ಹೇರಿದೆ ಅಂತ. ಪಂಚರಾಗಿ ಕೂತ ಊರವರು ವಿಚಾರಿಸಿ, ಆಪಾದನೆ ಸುಳ್ಳು ಅಂದರು. ಬೈದವರಿಗೆ ದಂಡ ಬಿತ್ತು.

ಸತ್ಯ ಏನಿತ್ತೋ ದೇವರೇ ಬಲ್ಲ. ಪಂಚರ ಕಟ್ಟೆಯಲ್ಲಿ ಕೂರುತ್ತಿದ್ದವರು ಸಾಮಾನ್ಯವಾಗಿ ಊರಿನ ಅನುಕೂಲಸ್ಥರೇ ಅನ್ನೋದನ್ನ ನೆನಪಿಟ್ಟುಕೊಂಡು ಈ ತೀರ್ಪನ್ನ ಓದಬೇಕು. ಆದರೆ ಒಂದು ಸಂಗತಿ ಖಚಿತ. ಈ ಜನ ‘50 ಆಹಾರ’ದ ಹಳ್ಳಿಗರಲ್ಲ. ಅವರಿಗೆ ನಿಯಮ ಗೊತ್ತಿತ್ತು, ನಿಯಮ ಮುರಿಯುವವರು ಗೊತ್ತಿದ್ದರು, ಬಾಯಿ ಇತ್ತು. ಊರೊಳಗೇ ಉಳ್ಳವ, ಇಲ್ಲದವ ಅನ್ನೋ ಬಿರುಕೂ ಇತ್ತು. ಒಡೆಯ ಒಬ್ಬ ಕೆಟ್ಟವ, ರೈತರೆಲ್ಲ ಒಂದೇ ಕುಟುಂಬ ಅನ್ನೋ ಸುಲಭದ ಚಿತ್ರವೂ ಇಲ್ಲಿ ನಿಲ್ಲಲ್ಲ.

ಈಗ ಹಳ್ಳಿ ಪುಸ್ತಕದ ಮೇಲಿನ ನನ್ನ ತಕರಾರು. ಮೈಕಲ್‌ನ ಕಥೆ ನಮಗೆ ಸಿಕ್ಕಿದ್ದು ಹೇಗೆ? ಮ್ಯಾನರಿನ ಕೋರ್ಟ್ ಒಡೆಯನದು. ಅಲ್ಲಿ ಬಿದ್ದ ದಂಡದ ಹಣ ಒಡೆಯನ ಪೆಟ್ಟಿಗೆಗೆ. ಅದರ ಲೆಕ್ಕಕ್ಕಾಗಿ ಗುಮಾಸ್ತ ಎಲ್ಲವನ್ನೂ ಚರ್ಮದ ಸುರುಳಿಯ ಮೇಲೆ ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದ. ಬೈದವರು ಲ್ಯಾಟಿನ್‌ನಲ್ಲಿ ಬೈಯಲಿಲ್ಲ, ಇಂಗ್ಲಿಷಿನಲ್ಲಿ ಬೈದರು. ಅವರ ಮಾತಿನ ಬಿಸಿ ಗುಮಾಸ್ತನ ಲೇಖಣಿಯಲ್ಲಿ ಸೋಸಿ ಬಂದಿದೆ. ಅಂದರೆ ಎಲ್ಟನ್‌ನ ಜನ ನಮಗೆ ಕಾಣುವುದು ಬಹುತೇಕ ಅವರು ದುಡ್ಡು ಕಟ್ಟಿದ ಕ್ಷಣದಲ್ಲಿ ಮಾತ್ರ. ಯಾರೂ ದೂರದ, ಯಾರೂ ದಂಡ ಕಟ್ಟದ ಒಂದು ಸಾಧಾರಣ ಒಳ್ಳೆಯ ದಿನ ಸುರುಳಿಗೆ ಬರೋದೇ ಇಲ್ಲ. ಮಕ್ಕಳು, ಜಮೀನಿಲ್ಲದ ಕೂಲಿಗಳು, ಗಂಡನ ಹೆಸರಿನ ಹಿಂದೆ ನಿಂತ ಹೆಂಗಸರು ಅಪರೂಪಕ್ಕೆ ಬರುತ್ತಾರೆ. ಗೀಸ್ ದಂಪತಿಗೆ ಇದು ಗೊತ್ತು, ಅಲ್ಲಲ್ಲಿ ಹೇಳುತ್ತಾರೆ ಕೂಡ. ಆದರೆ ಕಥೆ ಓಡುವ ರಭಸದಲ್ಲಿ ‘ಹಳ್ಳಿಯ ಬದುಕು ಹೀಗಿತ್ತು’ ಅನ್ನೋ ಧಾಟಿಯೇ ಮೇಲುಗೈ ಆಗುತ್ತೆ. ‘ಒಡೆಯನ ಪುಸ್ತಕದಲ್ಲಿ ಹಳ್ಳಿ ಹೀಗೆ ಕಂಡಿತು’ ಅನ್ನೋದು ಬೇರೆ ಮಾತು, ಅಲ್ವಾ?

ಇಲ್ಲಿಗೇ ಮೂರನೆಯ ಪುಸ್ತಕ ಬೇಕಾಗುವುದು. ಜುಡಿತ್ ಬೆನೆಟ್ 1999ರಲ್ಲಿ ಪ್ರಕಟಿಸಿದ ‘ಎ ಮಿಡೀವಲ್ ಲೈಫ್’. ನಾರ್ಥಾಂಪ್ಟನ್‌ಶೈರಿನ ಬ್ರಿಗ್‌ಸ್ಟಾಕ್ ಎಂಬ ಊರಿನ ಸಿಸಿಲಿಯಾ ಪೆನಿಫೇಡರ್ ಎಂಬ ಒಬ್ಬಳೇ ರೈತ ಹೆಂಗಸಿನ ಚರಿತ್ರೆ. ಅವಳು ಹುಟ್ಟಿದ್ದು 1295ರ ಸುಮಾರಿಗೆ, ಸತ್ತದ್ದು 1344ರಲ್ಲಿ. ರಾಣಿಯಲ್ಲ, ಸಂತಳಲ್ಲ, ಮದುವೆಯಾಗಲಿಲ್ಲ. ತನ್ನ ಹೆಸರಿನಲ್ಲೇ ಜಮೀನು ಮಾಡಿದಳು, ಸಾಗುವಳಿ ಮಾಡಿಸಿದಳು, ಅಣ್ಣತಮ್ಮ ಅಕ್ಕತಂಗಿಯರ ನಡುವೆ ಬದುಕಿದಳು. ಅವಳ ಯೌವನದ ಕಾಲಕ್ಕೇ, 1315ರಿಂದ ಮಳೆ ನಿಲ್ಲದೆ ಬೆಳೆ ಕೊಳೆತು ಉತ್ತರ ಯುರೋಪಿನಲ್ಲೆಲ್ಲ ಮಹಾಕ್ಷಾಮ ಬಂತು. ಬಡವರು ಸತ್ತರು, ಕೈಯಲ್ಲಿ ಸ್ವಲ್ಪ ಇದ್ದವರಿಗೆ ಜಮೀನು ಅಗ್ಗವಾಗಿ ಸಿಕ್ಕಿತು. ಸಿಸಿಲಿಯಾಳದು ಸ್ವಲ್ಪ ಇದ್ದವರ ಮನೆ. ಬೆನೆಟ್ ಇದನ್ನ ಮುಚ್ಚಿಡಲ್ಲ, ಅವಳನ್ನ ಸ್ತ್ರೀವಾದದ ನಾಯಕಿಯನ್ನಾಗಿ ಮಾಡಿ ಮೆರೆಸಲ್ಲ.

ಈ ಪುಸ್ತಕಕ್ಕೂ ಆಧಾರ ಅದೇ ಕೋರ್ಟ್ ಸುರುಳಿಗಳೇ. ವ್ಯತ್ಯಾಸ ಇರುವುದು ರೀತಿಯಲ್ಲಿ. ಇಲ್ಲಿ ನನಗೆ ಖಚಿತ, ಇಲ್ಲಿ ಇದು ಊಹೆ, ಇಲ್ಲಿಂದ ಮುಂದೆ ದಾಖಲೆ ಸುಮ್ಮನಾಗುತ್ತೆ ಅಂತ ಬೆನೆಟ್ ಪ್ರತಿ ಹೆಜ್ಜೆಗೂ ತೋರಿಸುತ್ತಾರೆ. ಸಿಸಿಲಿಯಾ ಯಾಕೆ ಮದುವೆಯಾಗಲಿಲ್ಲ? ಸುರುಳಿ ಹೇಳಲ್ಲ. ಬೆನೆಟ್ ಕೂಡ ಹೇಳಿದಂತೆ ನಟಿಸಲ್ಲ. ಕೋಟೆ ಪುಸ್ತಕದಷ್ಟು ಬಣ್ಣ ಇದರಲ್ಲಿ ಇಲ್ಲ. ಆದರೆ ಓದಿ ಮುಗಿಸಿದಾಗ ಒಬ್ಬ ಮನುಷ್ಯಳ ಬಗ್ಗೆ ಎಷ್ಟು ಗೊತ್ತಾಗಬಹುದೋ ಅಷ್ಟೇ ಗೊತ್ತಾಗಿರುತ್ತೆ, ಒಂದು ಚೂರೂ ಹೆಚ್ಚಿಲ್ಲ. ಇದು ಸಣ್ಣ ಮಾತಲ್ಲ.

ಇಷ್ಟರ ನಡುವೆ ಒಂದು ದೊಡ್ಡ ಪದವನ್ನ ನಾನು ಬಳಸದೆ ಬಂದಿದ್ದೇನೆ: ಊಳಿಗಮಾನ್ಯ ಪದ್ಧತಿ. ಶಾಲೆಯ ಪಾಠದಲ್ಲಿ ಅದೊಂದು ಪಿರಮಿಡ್. ಮೇಲೆ ರಾಜ, ಕೆಳಗೆ ಸರದಾರರು, ಅವರ ಕೆಳಗೆ ನೈಟ್‌ಗಳು, ತಳದಲ್ಲಿ ರೈತರು. ಮೇಲಿಂದ ಭೂಮಿ ಇಳಿಯುತ್ತೆ, ಕೆಳಗಿಂದ ನಿಷ್ಠೆ ಏರುತ್ತೆ. ಪರೀಕ್ಷೆಯಲ್ಲಿ ಐದು ಅಂಕ. ಆಫೀಸಿನಲ್ಲಂತೂ ‘ನಮ್ಮ ಬಾಸ್ ತುಂಬಾ ಫ್ಯೂಡಲ್ ಕಣೋ’ ಅಂದರೆ ಮುಗೀತು, ವಿವರಣೆ ಬೇಕಾಗಿಲ್ಲ.

ತಮಾಷೆ ಅಂದರೆ ಮಧ್ಯಯುಗದ ಯಾರೂ ತಾವು ‘ಫ್ಯೂಡಲಿಸಂ’ನಲ್ಲಿ ಬದುಕುತ್ತಿದ್ದೇವೆ ಅಂತ ಹೇಳಲಿಲ್ಲ. ಆ ಪದವನ್ನ ನಂತರದ ಶತಮಾನಗಳ ವಕೀಲರು, ಚಿಂತಕರು ಕಟ್ಟಿದ್ದು. ಕೋಟೆ ಪುಸ್ತಕ ಬಂದ ಅದೇ 1974ರಲ್ಲಿ ಎಲಿಜಬೆತ್ ಬ್ರೌನ್ ಎಂಬ ಅಮೆರಿಕನ್ ಇತಿಹಾಸಕಾರ್ತಿ ಒಂದು ಲೇಖನ ಬರೆದು, ಈ ಪದ ವಿವರಿಸುವುದಕ್ಕಿಂತ ಮರೆಮಾಚುವುದೇ ಹೆಚ್ಚು, ಇದನ್ನ ಕೈಬಿಡೋಣ ಅಂತ ವಾದಿಸಿದರು. 1994ರಲ್ಲಿ ಸೂಸನ್ ರೆನಾಲ್ಡ್ಸ್ ‘ಫೀಫ್ಸ್ ಅಂಡ್ ವ್ಯಾಸಲ್ಸ್’ ಎಂಬ ದಪ್ಪ ಪುಸ್ತಕ ಬರೆದು, ಆ ಪಿರಮಿಡ್ಡಿಗೆ ದಾಖಲೆಗಳಲ್ಲಿ ಎಷ್ಟು ಕಡಿಮೆ ಆಧಾರ ಇದೆ ಅಂತ ತೋರಿಸಿದರು. ಗೀಸ್ ದಂಪತಿಯ ಕೋಟೆ ಮಾತ್ರ ಹಳೆಯ ಚಿತ್ರದ ಮೇಲೆಯೇ ನಿಂತಿದೆ.

ಹಾಗಂತ ಪದವನ್ನೇ ಬಿಸಾಡಬೇಕಾ? ನನಗೆ ಹಾಗನ್ನಿಸಲ್ಲ. ಪಿರಮಿಡ್ಡಿನ ತೊಂದರೆ ಏನಂದ್ರೆ, ಅದು ಸರದಾರರ ಕೊಡುಕೊಳ್ಳುವಿಕೆಯನ್ನೇ ಕೇಂದ್ರ ಮಾಡಿ, ರೈತರನ್ನ ಅಡಿಪಾಯದ ಕಲ್ಲಿನ ಹಾಗೆ ತಳದಲ್ಲಿ ಕೂರಿಸಿಬಿಡುತ್ತೆ. ನೈಟ್ ಒಡೆಯನ ಮುಂದೆ ಮಂಡಿಯೂರಿ, ಕೈಜೋಡಿಸಿ ಪ್ರತಿಜ್ಞೆ ಮಾಡುತ್ತಿದ್ದ. ಅದು ಇಬ್ಬರು ಮರ್ಯಾದಸ್ಥರ ನಡುವಿನ ಕರಾರು. ವಿಲೀನ್ ಯಾವ ಕರಾರನ್ನೂ ಮಾಡಿಕೊಳ್ಳಲಿಲ್ಲ, ಅದರೊಳಗೆ ಹುಟ್ಟಿದ. 1939-40ರಲ್ಲಿ ‘ಫ್ಯೂಡಲ್ ಸೊಸೈಟಿ’ ಎಂಬ ಹೆಸರಾಂತ ಗ್ರಂಥ ಪ್ರಕಟಿಸಿದ ಫ್ರಾನ್ಸಿನ ಮಾರ್ಕ್ ಬ್ಲಾಕ್, ಈ ಸಮಾಜದ ಲಕ್ಷಣಗಳನ್ನ ಪಟ್ಟಿ ಮಾಡುವಾಗ ಮೊದಲು ಬರೆದದ್ದು ಅಧೀನರಾದ ರೈತರನ್ನ. ಕೋಟೆ, ನೈಟ್, ಪ್ರತಿಜ್ಞೆ ಎಲ್ಲ ಆಮೇಲೆ. ನಾಜಿಗಳ ವಿರುದ್ಧದ ಭೂಗತ ಹೋರಾಟಕ್ಕೆ ಇಳಿದ ಬ್ಲಾಕ್‌ರನ್ನ 1944ರ ಜೂನ್‌ನಲ್ಲಿ ಜರ್ಮನ್ನರು ಗುಂಡಿಟ್ಟು ಕೊಂದರು. ಅವರ ಪಟ್ಟಿಯ ಕ್ರಮವನ್ನ ನಮ್ಮ ಪಿರಮಿಡ್ ತಲೆಕೆಳಗು ಮಾಡಿದೆ ಅಷ್ಟೇ.

ಓದುವ ಕ್ರಮ ಕೇಳಿದರೆ ನಾನು ಹೇಳೋದು ಹೀಗೆ. ಕೋಟೆ ಪುಸ್ತಕ ಬೇಡ ಅಂತಲ್ಲ. ಮೊದಲು ಹಳ್ಳಿ ಪುಸ್ತಕ ಓದಿ, ಆಮೇಲೆ ಕೋಟೆಗೆ ಹೋಗಿ. ಆಗ ಹಾಲ್‌ನ ಊಟದಲ್ಲಿ ಪ್ರತಿ ಬ್ರೆಡ್ಡಿನ ಹಿಂದೆ ಗಿರಣಿ, ಗಿರಣಿಯ ಹಿಂದೆ ಸುಗ್ಗಿ, ಸುಗ್ಗಿಯ ಹಿಂದೆ ರೀವ್‌ನ ಕೂಗು ಕೇಳಿಸುತ್ತೆ. ಬೆನೆಟ್ ಕೊನೆಗೆ, ನಿಧಾನವಾಗಿ.

ಕೊನೆಯದಾಗಿ ಗಿರಣಿಯ ಮಾತು. ಲಂಡನ್ನಿನ ಉತ್ತರಕ್ಕೆ ಸೇಂಟ್ ಆಲ್ಬನ್ಸ್ ಎಂಬ ಪಟ್ಟಣ ಇದೆ, ಅಲ್ಲೂ ಮಠವೇ ಒಡೆಯ. ಮಠದ ಗಿರಣಿಗೆ ಪಾಲು ಕೊಡೋದು ತಪ್ಪಿಸೋಕೆ ಜನ ಮನೆಯಲ್ಲೇ ಬೀಸುಕಲ್ಲು ಇಟ್ಟುಕೊಂಡಿದ್ದರು. 1327ರಿಂದ 1336ರವರೆಗೆ ಅಲ್ಲಿ ಮಠಾಧಿಪತಿಯಾಗಿದ್ದವನು ರಿಚರ್ಡ್ ಆಫ್ ವಾಲಿಂಗ್‌ಫರ್ಡ್. ದೊಡ್ಡ ಗಣಿತಜ್ಞ, ಗ್ರಹಗತಿ ತೋರಿಸುವ ಅದ್ಭುತ ಗಡಿಯಾರ ಮಾಡಿದವನು. ಅವನು ಆ ಬೀಸುಕಲ್ಲುಗಳನ್ನೆಲ್ಲ ಜಪ್ತಿ ಮಾಡಿಸಿ, ಮಠದ ಮಾತುಕತೆಯ ಕೋಣೆಯ ನೆಲಕ್ಕೆ ಹಾಸಿಸಿದ. ಸುಮಾರು ಐವತ್ತು ವರ್ಷ ಜನ ಆ ಮಠಕ್ಕೆ ಹೋದಾಗೆಲ್ಲ ತಮ್ಮ ಅಜ್ಜಿಯರ ಬೀಸುಕಲ್ಲನ್ನ ನೋಡುವ ಹಾಗಾಯಿತು.

ನಡುವೆ 1348-49ರ ಪ್ಲೇಗ್ ಬಂತು. ದುಡಿಯುವ ಕೈಗಳು ಕಡಿಮೆಯಾಗಿ ಕೂಲಿ ಏರಬೇಕಾದಾಗ, ಏರದಂತೆ 1351ರಲ್ಲಿ ಕಾನೂನು ಮಾಡಿದರು. ಅದರ ಮೇಲೆ ತಲೆಗಂದಾಯ. 1381ರ ಜೂನ್‌ನಲ್ಲಿ ಇಂಗ್ಲೆಂಡಿನ ರೈತರು ದಂಗೆ ಎದ್ದರು. ಎಸೆಕ್ಸ್‌ನಲ್ಲಿ, ಕೆಂಟ್‌ನಲ್ಲಿ, ಊರೂರಲ್ಲಿ ಮ್ಯಾನರಿನ ಕೋರ್ಟ್ ಸುರುಳಿಗಳನ್ನ ಹೊರಗೆಳೆದು ಸುಟ್ಟರು. ಸೇಂಟ್ ಆಲ್ಬನ್ಸ್‌ನವರು ಮಠದ ದಾಖಲೆಗಳನ್ನ ಸುಟ್ಟು, ಆ ಕೋಣೆಗೆ ನುಗ್ಗಿ, ನೆಲ ಅಗೆದು ಬೀಸುಕಲ್ಲುಗಳನ್ನ ಕಿತ್ತರು. ಒಡೆದು ಚೂರು ಮಾಡಿ, ಭಾನುವಾರ ಚರ್ಚಿನಲ್ಲಿ ಪವಿತ್ರ ಬ್ರೆಡ್ ಹ್ಞಂಚುವ ಹಾಗೆ ಒಬ್ಬೊಬ್ಬರಿಗೂ ಒಂದೊಂದು ಚೂರು ಹಂಚಿಕೊಂಡು ಮನೆಗೆ ಒಯ್ದರು. ಇದನ್ನ ಬರೆದಿಟ್ಟವನು ಅವರನ್ನ ದ್ವೇಷಿಸುತ್ತಿದ್ದ ಅದೇ ಮಠದ ಸನ್ಯಾಸಿ.

ದಂಗೆ ಕೆಲವೇ ವಾರಗಳಲ್ಲಿ ಮುಗಿಯಿತು, ಮುಂದಾಳುಗಳು ನೇಣಿಗೆ ಹೋದರು, ಕೊಟ್ಟ ಮಾತುಗಳೆಲ್ಲ ವಾಪಸ್ಸಾದವು. ಸುಟ್ಟುಹೋದ ಸುರುಳಿಗಳ ಊರುಗಳ ಬಗ್ಗೆ ಇವತ್ತು ನಾವು ಅಷ್ಟರ ಮಟ್ಟಿಗೆ ಕಡಿಮೆ ಬಲ್ಲೆವು. ಇತಿಹಾಸ ಓದುವವರಿಗೆ ಅದು ನಷ್ಟವೇ. ಆದರೆ ಆ ಸುರುಳಿ ಏನು ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.